ಕಯಾಕ್ ಪೆಡಲ್ ಡ್ರೈವ್: ಕಟ್‌ಕಟ್ ಸದ್ದು, ಚಹಾದ ಬಣ್ಣದ ಗ್ರೀಸ್. ಬಿಚ್ಚೂದು ಎಲ್ಲಿಂದ ಸುರು ಮಾಡ್ಲಿ?

ಹೊಳಿದಂಡಿ, ಹಾವೇರಿ

ಕಯಾಕ್ (ಸಣ್ಣ ದೋಣಿ) ಕಾಲಲೆ ತುಳದು ಓಡಿಸೋ, ಪ್ರೊಪೆಲ್ಲರ್ ಇರೋ ಪೆಡಲ್ ಡ್ರೈವ್. ಮ್ಯಾಲೊಂದು ಗೇರ್‌ಬಾಕ್ಸ್, ಕೆಳಗೊಂದು ಗೇರ್‌ಬಾಕ್ಸ್, ನಡುವ ಉದ್ದನ ಶಾಫ್ಟ್. ಅಲ್ಯೂಮಿನಿಯಂ ಬಾಡಿ. ತುಂಗಭದ್ರಾ, ವರದಾ ಎರಡರಾಗೂ ಓಡೇತಿ, ಉಪ್ಪುನೀರು ಕಂಡಿಲ್ಲ.

ಈಗಿನ ಲಕ್ಷಣ: ತುಳದಾಗ ಕಟ್ ಕಟ್ ಸದ್ದು. ಜೋರ್ ತುಳದ್ರ ಒಮ್ಮೊಮ್ಮೆ ಜರಕ್ ಅಂತ ತಪ್ಪತೈತಿ, ಕಾಲು ಹಗೂರ ಆಗಿಬಿಡ್ತಾವು. ಕೆಳಗಿನ ಗೇರ್‌ಬಾಕ್ಸಿನ ಗ್ರೀಸ್ ಹಾಲು ಹೆಚ್ಚಾದ ಚಹಾದ ಬಣ್ಣಕ್ಕ ಬಂದೇತಿ. ಪೆಡಲ್ ಗಟ್ಟಿ ಹಿಡಿದು ಪ್ರೊಪೆಲ್ಲರ್ ಅಲ್ಲಾಡಿಸಿದ್ರ ಸುಮಾರು 12 ಡಿಗ್ರಿ ಸಡ್ಲ ತಿರಗತೈತಿ.

ಮಾರಿದವರು "ಗೇರ್ ಹೋಗ್ಯಾವು, ಪೂರ್ತಿ ಡ್ರೈವ್ ಬದಲಿ ಮಾಡ್ರಿ" ಅಂತಾರ. ಬಿಚ್ಚಿ ನೋಡೂದಕ್ಕ ನಾನು ತಯಾರದೀನಿ. ಯಾವ ಕಡೆಯಿಂದ ಕೈ ಹಚ್ಚಲಿ?

ಲೇಥ್ ಪಾಳಿ, ಹುಬ್ಬಳ್ಳಿ

ಸರ್, ಈಗ ಪಾನಾ ಕೆಳಗಿಡ್ರಿ. ಬಿಚ್ಚೂಕಿಂತ ಮೊದಲ ಎಣಸೂ ಕೆಲಸ ಐತಿ.

ಪ್ರೊಪೆಲ್ಲರಿನ ಒಂದು ಅಲಗಿಗೆ ಬಣ್ಣದ ಟೇಪ್ ಸುತ್ರಿ. ಪೆಡಲ್ ಸರಿಯಾಗಿ ಒಂದು ಸುತ್ತು ತಿರುವಿ, ಟೇಪ್ ಎಷ್ಟು ಸಲ ಮ್ಯಾಲ ಬಂತು ನೋಡ್ರಿ. ಏಳು ಸಲ ಬಂತು ಅಂದ್ರ ಅನುಪಾತ 1ಕ್ಕೆ 7. ಆಮ್ಯಾಲ ನಿಧಾನಕ್ಕ ತಿರುವಿಕೋತ, ಪೆಡಲಿನ ಒಂದು ಸುತ್ತಿಗೆ "ಕಟ್" ಎಷ್ಟು ಸಲ ಕೇಳತೈತಿ ಎಣಸ್ರಿ.

ಒಂದ ಸಲ ಕೇಳಿದ್ರ ರೋಗ ಪೆಡಲ್, ಕ್ರ್ಯಾಂಕ್, ಇಲ್ಲಾ ಕ್ರ್ಯಾಂಕಿಗೆ ಕೂತ ದೊಡ್ಡ ಗೇರಿನಾಗ. ಏಳು ಸಲ ಕೇಳಿದ್ರ ಪ್ರೊಪೆಲ್ಲರ್ ಶಾಫ್ಟಿನಾಗ. ಮೂರೂವರೆ ಸಲದ ಆಸುಪಾಸು ಬಂದ್ರ, ಅಂದ್ರ ಎರಡು ಸುತ್ತಿಗೆ ಏಳು ಸಲ, ನಿಂತ ಶಾಫ್ಟಿನಾಗ. ಈ ಮೂರೂವರೆ ಎಲ್ಲಿಂದ ಬಂತಂದ್ರ, ಮ್ಯಾಲಿನ ಜೋಡಿ 1ಕ್ಕೆ 3.5, ಕೆಳಗಿಂದು 1ಕ್ಕೆ 2 ಅಂತ ಹಿಡಿದೀನಿ. ನಿಮ್ಮದು ಬ್ಯಾರೆ ಇದ್ರ ಆ ಲೆಕ್ಕದಾಗ ನೋಡ್ರಿ.

ಆ 12 ಡಿಗ್ರಿಗೆ ಅಂಜಬ್ಯಾಡ್ರಿ. ಪ್ರೊಪೆಲ್ಲರ್ ಕಡೆ 12 ಡಿಗ್ರಿ ಅಂದ್ರ ಪೆಡಲ್ ಕಡೆ 12 ಭಾಗಿಸು 7, ಎರಡು ಡಿಗ್ರಿನೂ ಇಲ್ಲ. ಎರಡು ಜೋಡಿ ಗೇರಿನ ಸಹಜ ಸಡ್ಲಾನ ಕೆಳಗ ದೊಡ್ಡದಾಗಿ ಕಾಣತೈತಿ ಅಷ್ಟ. ಇದನ್ನ ನೋಡಿ "ಗೇರ್ ಹೋಗ್ಯಾವು" ಅನ್ನೋರು ಭಾಳ ಮಂದಿ. ನೋಡಬೇಕಾದ ಸಡ್ಲ ಬ್ಯಾರೆ: ಪ್ರೊಪೆಲ್ಲರ್ ಹಿಡಿದು ಮ್ಯಾಲ-ಕೆಳಗ ಅಲ್ಲಾಡಿಸ್ರಿ, ಹಿಂದ-ಮುಂದ ಜಗ್ಗ್ರಿ. ಮ್ಯಾಲ-ಕೆಳಗ ಕೈಗೆ ತಿಳಿಯುವಷ್ಟು ಅಲ್ಲಾಡಿದ್ರ ಬೇರಿಂಗ್ ಮುಗದೇತಿ. ಹಿಂದ-ಮುಂದ ಸರದ್ರ ಸರ್ಕ್ಲಿಪ್ (ಬೇರಿಂಗ್ ಸರೀದಂಗ ಹಿಡಿಯೋ ಸ್ಪ್ರಿಂಗ್ ಬಳಿ) ಇಲ್ಲಾ ಶಿಮ್ (ಸಂದಿ ತುಂಬೋ ತೆಳು ವಾಷರ್).

ಕೆಲಗೇರಿ ಕೆರಿ, ಧಾರವಾಡ

ಜರಕ್ ಅಂತ ತಪ್ಪೋದರಾಗ ಎರಡು ಜಾತಿ ಅದಾವ್ರಿ. ಕರ್ ಅಂತ ಸದ್ದು ಮಾಡಿ, ಪೆಡಲಿಗೆ ನಡುಕ ಕೊಟ್ಟು ತಪ್ಪಿದ್ರ ಗೇರಿನ ಹಲ್ಲು ಒಂದರ ಮ್ಯಾಲೊಂದು ಹತ್ತಿ ಜಿಗಿಯಾಕತ್ತಾವ. ಸದ್ದಿಲ್ಲದ ಬೆಣ್ಣಿಯಂಗ ಜಾರಿದ್ರ ಪ್ರೊಪೆಲ್ಲರಿನ ಶಿಯರ್ ಪಿನ್ (ಪ್ರೊಪೆಲ್ಲರನ್ನ ಶಾಫ್ಟಿಗೆ ಹಿಡಿಯೋ, ಭಾರ ಹೆಚ್ಚಾದ್ರ ಕಡಿಯೋ ಪಿನ್) ಕಡದದ, ಇಲ್ಲಾ ಗೇರಿನ ಗ್ರಬ್ ಸ್ಕ್ರೂ (ಗೇರನ್ನ ಶಾಫ್ಟಿಗೆ ಬಿಗಿಯೋ ತಲಿ ಇಲ್ಲದ ಸ್ಕ್ರೂ) ಸಡ್ಲ ಆಗ್ಯದ.

ಪರೀಕ್ಷೆ ಸರಳ. ಶಾಫ್ಟಿನ ತುದಿಯಿಂದ ಪ್ರೊಪೆಲ್ಲರಿನ ಹಬ್ಬಿನ ಮ್ಯಾಲ ದಾಟಿಸಿ ಪರ್ಮನೆಂಟ್ ಮಾರ್ಕರಿಂದ ಒಂದು ಗೆರಿ ಎಳೀರಿ. ನೀರಿಗಿಳಿಸಿ, ಒಂದು ಸಲ ತಪ್ಪೋ ತನಕ ತುಳೀರಿ. ಗೆರಿ ಮುರದು ಎರಡಾಗಿದ್ರ ಪಿನ್. ಗೆರಿ ಹಂಗ ಇದ್ರ ಒಳಗಿಂದು.

ಹೊಳಿದಂಡಿ, ಹಾವೇರಿ

ಎಣಿಸಿದೆ. ಅನುಪಾತ 7. ಕಟ್ ಸದ್ದು ಏಳು ಸಲ. ಪ್ರೊಪೆಲ್ಲರ್ ಮ್ಯಾಲ-ಕೆಳಗ ಸ್ಪಷ್ಟ ಅಲ್ಲಾಡತೈತಿ, ಹಿಂದ-ಮುಂದನೂ ಹತ್ತಿರ ಹತ್ತಿರ 1 ಮಿಲಿಮೀಟರ್ ಸರೀತೈತಿ. ಮಾರ್ಕರ್ ಗೆರಿ ಮುರದಿಲ್ಲ. ತಪ್ಪುವಾಗ ಕರ್ ಅನ್ನತೈತಿ.

ಲೇಥ್ ಪಾಳಿ, ಹುಬ್ಬಳ್ಳಿ

ಹಂಗಾದ್ರ ಕಥಿ ಹಿಂಗೈತಿ. ಶಾಫ್ಟಿನ ಸುತ್ತ ನೀರು ತಡಿಯೋ ರಬ್ಬರ್ ಸೀಲ್ ಹೋತು, ನೀರು ಬಂತು, ಬೇರಿಂಗ್ ತುಕ್ಕು ಹಿಡೀತು, ಶಾಫ್ಟ್ ಸಡ್ಲಾತು. ಬೆವೆಲ್ ಗೇರ್ (ತಿರುಗೂ ದಿಕ್ಕು ಬದಲಿಸೋ ಓರೆ ಹಲ್ಲಿನ ಗೇರ್) ಸ್ವಭಾವ ಏನಂದ್ರ, ಭಾರ ಬಿದ್ದಷ್ಟೂ ಒಂದನ್ನೊಂದು ದೂರ ತಳ್ಳತಾವು. ಹಿಂದ ಆಧಾರ ಗಟ್ಟಿ ಇಲ್ಲಂದ್ರ ಹಲ್ಲಿನ ತುದಿ ಮಾತ್ರ ತಾಗಿ ಜಿಗೀತಾವು. ಹಲ್ಲು ಸವೆದದ್ದಕ್ಕ ಜಿಗಿದಿಲ್ಲ, ಜಾಗ ಬಿಟ್ಟು ಸರಿದದ್ದಕ್ಕ ಜಿಗದಾವು. ಈಗ ನಿಲ್ಲಿಸಿದ್ರ ಗೇರ್ ಉಳೀತಾವು. ಇನ್ನೂ ನಾಲ್ಕು ಸಲ ಹಂಗ ತುಳದ್ರ ಮಾರಿದವರ ಮಾತು ಖರೇ ಆಗತೈತಿ.

ಬಿಚ್ಚೂ ಕ್ರಮ:

ಪ್ರೊಪೆಲ್ಲರ್ ತಗೀರಿ. ಅದರ ಹಿಂದ, ಶಾಫ್ಟ್ ಬಾಡಿಯೊಳಗ ಹೋಗೋ ಜಾಗದಾಗ, ಟಾರ್ಚ್ ಹಿಡಿದು ನೋಡ್ರಿ. ಗಾಳದ ನೈಲಾನ್ ದಾರ ಇದ್ದ ಇರತೈತಿ ಅಂತ ನನ್ನ ಅಂದಾಜು. ಸೂಜಿ ಮೂಗಿನ ಇಕ್ಕಳದಿಂದ ಬಿಡಿಸ್ರಿ, ಚಾಕು ಹಾಕಬ್ಯಾಡ್ರಿ, ಶಾಫ್ಟಿಗೆ ಗೀರು ಬಿದ್ರ ಹೊಸ ಸೀಲೂ ಸೋರತೈತಿ.

ಬಾಡಿ ಬೋಲ್ಟು ಎಂ4 ಇದ್ರ 3 ಮಿ.ಮೀ. ಅಲೆನ್ ಕೀ, ಎಂ5 ಇದ್ರ 4 ಮಿ.ಮೀ. ಅಲ್ಯೂಮಿನಿಯಂನಾಗ ಸ್ಟೀಲ್ ಬೋಲ್ಟು ಹಿಡಕೊಂಡಿದ್ರ ತಿರುವಿ ಮುರೀಬ್ಯಾಡ್ರಿ. ತುಕ್ಕು ಬಿಡಿಸೋ ಎಣ್ಣಿ ಬಿಟ್ಟು ಒಂದು ರಾತ್ರಿ ಇಡ್ರಿ, ಮರುದಿನ ಹೇರ್ ಡ್ರೈಯರ್‌ಲೆ ಬಾಡಿ ಬಿಸಿ ಮಾಡ್ರಿ, ಆಮ್ಯಾಲ ಬಿಗೀ ಕಡೆ ಒಂದು ಎಳೆ ತಿರುವಿ ನಂತರ ಸಡ್ಲ ಮಾಡ್ರಿ. ಎರಡು ಅರ್ಧ ಅಂಟಿಕೊಂಡಿದ್ರ ನಡುವ ಸ್ಕ್ರೂಡ್ರೈವರ್ ತುರುಕಬ್ಯಾಡ್ರಿ. ಓ ರಿಂಗ್ (ಎರಡು ಅರ್ಧದ ನಡುವಿನ ರಬ್ಬರ್ ಬಳಿ) ಕೂಡೂ ಮುಖಕ್ಕ ಒಂದು ಗೀರು ಬಿದ್ರ ಅದ ನೀರಿನ ದಾರಿ. ಕಟ್ಟಿಗಿ ತುಂಡು ಇಟ್ಟು ಹಗೂರಕ ಬಡೀರಿ.

ಶಿಮ್ ವಾಷರ್ ಹೊರಗ ಬಂದ ಕ್ರಮದಾಗ ಒಂದು ದಾರಕ್ಕ ಪೋಣಿಸಿ ಗಂಟು ಹಾಕ್ರಿ. 0.1 ಯಾವುದು 0.2 ಯಾವುದು ಅಂತ ಕಣ್ಣಿಗೆ ತಿಳಿಯಂಗಿಲ್ಲ, ಕಳಕೊಂಡ್ರ ಗೇರ್ ಕೂಡಿಸೂದು ದೊಡ್ಡ ಪಂಚಾಯ್ತಿ.

ತೊಳಿಯಾಕ ಚಿಮಣಿ ಎಣ್ಣಿ ಸಿಕ್ರ ಅದು, ಇಲ್ಲಂದ್ರ ಡೀಸೆಲ್. ಪೆಟ್ರೋಲ್ ಬ್ಯಾಡ, ಬೆಂಕಿ ಅಪಾಯ ಒಂದು, ಉಳಿಸಬೇಕಂದ ರಬ್ಬರ್ ಉಬ್ಬೂದು ಇನ್ನೊಂದು.

ಬೆಟಗೇರಿ ಬುಷ್, ಗದಗ

ಒಂದು ಸೇರಿಸ್ತೀನಿ. ನಮ್ಮ ಭಾಗದ ನೀರಾಗ ಎರಿ ಮಣ್ಣು ತೇಲತಿರತೈತಿ. ಅದು ಉಸುಕಿನಂಗ ಕೈಗೆ ಹತ್ತಂಗಿಲ್ಲ, ಭಾಳ ಸಣ್ಣ. ಸೀಲಿನ ತುಟಿ ಕೆಳಗ ಕೂತು ಪಾಲಿಶ್ ಪೇಸ್ಟಿನಂಗ ಶಾಫ್ಟನ್ನ ಕೊರೀತೈತಿ. ಸೀಲ್ ಬದಲಿಸೂ ಮೊದಲ ಶಾಫ್ಟ್ ಮ್ಯಾಲ ಉಗುರು ಎಳೀರಿ. ಉಗುರು ಗೀರಿನಾಗ ಸಿಕ್ಕಿಕೊಂಡ್ರ ಹೊಸ ಸೀಲ್ ಅದ ಜಾಗಕ್ಕ ಹಾಕಿ ಉಪಯೋಗಿಲ್ಲ.

ಹೊಳಿದಂಡಿ, ಹಾವೇರಿ

ಬಿಚ್ಚಿದೆ. ನೈಲಾನ್ ದಾರ ಇತ್ತು, ಸೀಲಿನ ತುಟಿ ಒಂದು ಕಡೆ ಕೊಯ್ದು ಹೋಗೇತಿ. ಬೇರಿಂಗ್ ಮ್ಯಾಲ 6001 ಝಡ್‌ಝಡ್ ಅಂತೈತಿ, ತಿರುವಿದ್ರ ಉಸುಕು ಅರದಂಗ ಆಗತೈತಿ. ಸರ್ಕ್ಲಿಪ್ ತನ್ನ ಕಚ್ಚಿನಿಂದ ಅರ್ಧ ಹೊರಗ ಬಂದಿತ್ತು. ಗೇರ್ 28 ಹಲ್ಲು ಮತ್ತು 14 ಹಲ್ಲು, ತುದಿ ತುಸು ದುಂಡಗಾಗ್ಯಾವು, ಮುರಿದಿಲ್ಲ. ಸೀಲಿನ ಮ್ಯಾಲ ಬರದದ್ದು ಅಳಿಸೇತಿ. ಶಾಫ್ಟಿಗೆ ಉಗುರಿಗೆ ಸಿಗುವಷ್ಟು ಗೀರು ಐತಿ.

ಲೇಥ್ ಪಾಳಿ, ಹುಬ್ಬಳ್ಳಿ

ಛಲೋ ಆತು, ಗೇರ್ ಉಳದಾವು.

ಬೇರಿಂಗ್: 6001 ಅಂದ್ರ ಒಳಗ 12, ಹೊರಗ 28, ದಪ್ಪ 8 ಮಿ.ಮೀ. ಮೋಟಾರು, ಸಣ್ಣ ಯಂತ್ರ ಎಲ್ಲಾದಕ್ಕೂ ಹೋಗೋ ಸೈಜು, ಯಾವ ಬೇರಿಂಗ್ ಅಂಗಡಿಯಾಗೂ ಕೇಳ್ರಿ. ಆದ್ರ ಝಡ್‌ಝಡ್ ತರಬ್ಯಾಡ್ರಿ, ಅದು ತಗಡಿನ ಮುಚ್ಚಳ, ಧೂಳು ತಡೀತೈತಿ, ನೀರು ತಡಿಯಂಗಿಲ್ಲ. 6001-2ಆರ್‌ಎಸ್ ಕೇಳ್ರಿ, ಎರಡೂ ಕಡೆ ರಬ್ಬರ್. ಸ್ಟೇನ್‌ಲೆಸ್ ಸಿಕ್ರ ಇನ್ನೂ ಛಲೋ. ಸಿ3 ಅಂತ ಬರದದ್ದು ಕೊಟ್ರ ವಾಪಸ್ ಕೊಡ್ರಿ, ಅದು ಒಳಗ ಸಡ್ಲ ಜಾಸ್ತಿ ಇರೋದು, ಬಿಸಿ ಆಗೋ ಮೋಟಾರಿಗೆ ಸರಿ, ಇಲ್ಲಿ ಬ್ಯಾಡ.

ಸೀಲ್: ವರ್ನಿಯರ್‌ಲೆ ಮೂರು ಅಳತಿ ತಗೋರಿ. ಶಾಫ್ಟಿನ ವ್ಯಾಸ, ಸೀಲ್ ಕೂಡೂ ತೂತಿನ ವ್ಯಾಸ, ಆ ತೂತಿನ ಆಳ. ಹಳೇ ಸೀಲನ್ನ ಅಳೀಬ್ಯಾಡ್ರಿ, ರಬ್ಬರ್ ಉಬ್ಬಿರತೈತಿ. ಶಾಫ್ಟ್ 12, ತೂತು 22, ಆಳದಾಗ 7 ಮಿ.ಮೀ. ದಪ್ಪದ ಸೀಲ್ ಕೂಡತೈತಿ ಅಂದ್ರ ಅಂಗಡಿಯಾಗ "12-22-7 ಟಿಸಿ" ಅನ್ರಿ. ಟಿಸಿ ಅಂದ್ರ ಎರಡು ತುಟಿ, ಹೊರಮೈ ಪೂರ್ತಿ ರಬ್ಬರ್. ಎಸ್‌ಸಿ ಒಂದ ತುಟಿ. ಟಿಬಿ ಹೊರಗ ಬರೀ ಕಬ್ಬಿಣ, ನೀರಾಗ ತುಕ್ಕು. ಎರಡು ತಗೋರಿ, ಇನ್ನೆರಡು ಮನ್ಯಾಗ ಇಡಾಕ ತಗೋರಿ. ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ ರೊಕ್ಕದ ಸಾಮಾನಿಗೆ ಪೂರ್ತಿ ಡ್ರೈವ್ ಬದಲಿ ಅಂದ್ರ ಹೊಟ್ಟಿ ಉರೀತೈತಿ ನೋಡ್ರಿ.

ಸರ್ಕ್ಲಿಪ್ ಹೊಸದ ಹಾಕ್ರಿ, 28 ತೂತಿಗೆ ಒಳಗಿನ ಸರ್ಕ್ಲಿಪ್. ಅದರ ಒಂದು ಮುಖದ ಅಂಚು ದುಂಡಗ, ಇನ್ನೊಂದು ಚೂಪು. ಚೂಪು ಅಂಚು ಬೇರಿಂಗಿಗೆ ಬೆನ್ನು ಮಾಡಿ ಇರಬೇಕು. ತಿರುಗಾಮುರುಗಾ ಹಾಕಿದ್ರ ಭಾರ ಬಿದ್ದಾಗ ದುಂಡನ ಅಂಚು ಕಚ್ಚಿನಿಂದ ಜಾರಿ ಮ್ಯಾಲ ಬರತೈತಿ. ನಿಮ್ಮದು ಅರ್ಧ ಹೊರಗ ಬಂದದ್ದು ಹಂಗ ಇರಬಹುದು.

ಬೆಟಗೇರಿ ಬುಷ್, ಗದಗ

ಶಾಫ್ಟಿನ ಗೀರಿಗೆ ಮೂರು ಉಪಾಯ. ಸೀಲ್ ಕೂಡೂ ತೂತು ಆಳ ಇದ್ರ ಸೀಲನ್ನ 1.5ರಿಂದ 2 ಮಿ.ಮೀ. ಒಳಗ ಇಲ್ಲಾ ಹೊರಗ ಸರಿಸಿ ಕೂಡಿಸ್ರಿ, ತುಟಿ ಹೊಸ ಮೈ ಮ್ಯಾಲ ಕೂಡತೈತಿ. ರೊಕ್ಕ ಖರ್ಚಿಲ್ಲ. ಜಾಗ ಇಲ್ಲಂದ್ರ ಶಾಫ್ಟಿಗೆ ತೆಳು ಸ್ಟೇನ್‌ಲೆಸ್ ಕೊಳವಿ (ಸ್ಲೀವ್) ಹೊಂದಿಸೂದು. ಅದೂ ಆಗಲಿಲ್ಲಂದ್ರ ಲೇಥಿನಾಗ ಹೊಸ ಶಾಫ್ಟ್, ಸ್ಟೇನ್‌ಲೆಸ್ 316 ಸರಳಿನಿಂದ. ಶಾಫ್ಟನ್ನ ಎಮರಿ ಕಾಗದಲೆ ತಿಕ್ಕಿ ಗೀರು ತಗಿಯಾಕ ಹೋಗಬ್ಯಾಡ್ರಿ, ವ್ಯಾಸ ಕಡಿಮಿ ಆಗಿ ಸೀಲ್ ಹಿಡಿತ ಬಿಡತೈತಿ.

ಕೆಲಗೇರಿ ಕೆರಿ, ಧಾರವಾಡ

ಸೀಲಿನ ದಿಕ್ಕು ಯಾರೂ ಹೇಳ್ಲಿಲ್ಲಲಾ. ಎಲ್ಲಾರೂ ತಪ್ಪೋದು ಇಲ್ಲೇ.

ಸೀಲಿನೊಳಗ ಸಣ್ಣ ಸ್ಪ್ರಿಂಗ್ ಕಾಣೋ ಮುಖ, ತಡೀಬೇಕಾದ ದ್ರವದ ಕಡೆ ಇರಬೇಕು. ಸ್ಕೂಟರಿನ ಎಂಜಿನ್ನಿಗೆ ಹಾಕಿದ ಅಭ್ಯಾಸದಾಗ ಎರಡೂ ಸೀಲನ್ನ ಸ್ಪ್ರಿಂಗ್ ಒಳಮುಖ ಮಾಡಿ ಹಾಕಿಬಿಡ್ತಾರ. ಅವು ಗ್ರೀಸ್ ಹಿಡೀತಾವ, ನೀರಿಗೆ ಬಾಗಿಲು ತೆಗೀತಾವ. ಇಲ್ಲಿ ಎರಡು ಸೀಲ್ ಬೆನ್ನಿಗೆ ಬೆನ್ನು ಇರಬೇಕು: ಒಳಗಿನದರ ಸ್ಪ್ರಿಂಗ್ ಗೇರ್ ಕಡೆ, ಹೊರಗಿನದರ ಸ್ಪ್ರಿಂಗ್ ನೀರಿನ ಕಡೆ. ನಡುವಿನ ಸಂದಿಗೆ ಗ್ರೀಸ್ ತುಂಬ್ರಿ. ಜಾಗ ಒಂದಕ್ಕ ಅದ ಅಂದ್ರ ಸ್ಪ್ರಿಂಗ್ ನೀರಿನ ಕಡೆ ಇರಲಿ. ಗ್ರೀಸ್ ಗಟ್ಟಿ ಇರತದ, ತುಸು ಸೋರಿದ್ರೂ ನಡೀತದ. ನೀರು ಒಳಗ ಬರಬಾರದು.

ಸೀಲ್ ತೂರಿಸೂ ಮುಂದ ಶಾಫ್ಟಿನ ಪಿನ್ ತೂತಿಗೆ ಸೆಲೋಟೇಪ್ ಸುತ್ರಿ, ತುಟಿಗೆ ಗ್ರೀಸ್ ಹಚ್ರಿ. ತೂತಿನ ಚೂಪು ಅಂಚು ಹೊಸ ಸೀಲನ್ನ ಮೊದಲ ದಿನಾನ ಕೊಯ್ತದ. ಒತ್ತಾಕ ಸೀಲಿನ ಹೊರ ವ್ಯಾಸಕ್ಕಿಂತ ಕೂದಲೆಳೆ ಸಣ್ಣದಾದ ಬಾಕ್ಸ್ ಪಾನಾ ಇಟ್ಟು ವೈಸಿನಾಗ ನಿಧಾನ ಬಿಗೀರಿ. ಸುತ್ತಿಗಿ ಬ್ಯಾಡ, ಓರೆ ಕೂಡತದ.

ಲೇಥ್ ಪಾಳಿ, ಹುಬ್ಬಳ್ಳಿ

ಕೆಲಗೇರಿಯವರು ಹೇಳಿದ್ದು ನೂರಕ್ಕ ನೂರು. ಬೇರಿಂಗಿಗೂ ಅಂಥದ್ದ ಒಂದು ನಿಯಮ: ತೂತಿನಾಗ ಕೂಡಿಸುವಾಗ ಹೊರ ಬಳಿಗೆ ಒತ್ರಿ, ಶಾಫ್ಟಿಗೆ ಏರಿಸುವಾಗ ಒಳ ಬಳಿಗೆ ಒತ್ರಿ. ತಪ್ಪು ಬಳಿಗೆ ಬಡದ್ರ ಗುಂಡಿನ ಗುರುತು ಬಳಿ ಮ್ಯಾಲ ಬೀಳತೈತಿ, ಹೊಸ ಬೇರಿಂಗ್ ಮೊದಲ ದಿನದಿಂದ ಗುರ್ ಅನ್ನತೈತಿ.

ಬಡಿಯೂ ಕೆಲಸಾನ ಬ್ಯಾಡಂದ್ರ ಬಾಡಿ ಬಿಸಿ ಮಾಡ್ರಿ. 28 ಮಿ.ಮೀ. ಅಲ್ಯೂಮಿನಿಯಂ ತೂತು 60 ಡಿಗ್ರಿ ಹೆಚ್ಚು ಬಿಸಿಯಾದ್ರ ಸುಮಾರು 0.04 ಮಿ.ಮೀ. ದೊಡ್ಡದಾಗತೈತಿ. ಕುದಿಯೂ ನೀರಾಗ ಐದು ನಿಮಿಷ ಅದ್ದಿ, ಲಗೂನ ಒರಿಸಿ, ಫ್ರೀಜರಿನಾಗ ಇಟ್ಟ ಬೇರಿಂಗ್ ಇಟ್ರ ತಾನ ಇಳೀತೈತಿ. ಸೀಲ್, ಓ ರಿಂಗ್ ಆಗ ಬಾಡಿಯಾಗ ಇರಬಾರದು. ಬಾಡಿ ನೈಲಾನ್ ಪ್ಲಾಸ್ಟಿಕ್ ಇದ್ದವರು ಹೀಟ್ ಗನ್ ತೋರಿಸಬ್ಯಾಡ್ರಿ, ಬಿಸಿನೀರು ಸಾಕು.

ಗೇರ್ ಕೂಡಿಸಿದ ಮ್ಯಾಲ ಸಡ್ಲ ನೋಡೂದು: ಜೆರಾಕ್ಸ್ ಕಾಗದ ಸುಮಾರು 0.1 ಮಿ.ಮೀ. ದಪ್ಪ. ಸಣ್ಣ ಪಟ್ಟಿ ಕತ್ತರಿಸಿ ಹಲ್ಲಿನ ನಡುವ ತಿರುವಿ ತಗೀರಿ. ಮಡಿಕಿ ಬಿದ್ದು, ಹರಿಯದಂಗ ಹೊರಗ ಬಂದ್ರ ಸರಿ. ಹರದ್ರ ಬಿಗಿ ಆತು, ಮಡಿಕಿ ಮೂಡಲಿಲ್ಲಂದ್ರ ಸಡ್ಲ. ಶಿಮ್ ಒಂದು ಸಲಕ್ಕ 0.1ರಷ್ಟ ಬದಲಿಸ್ರಿ. ಹಲ್ಲು ಎಲ್ಲಿ ತಾಗತಾವ ನೋಡಾಕ ಎಂಜಿನಿಯರ್ ಬ್ಲೂ (ಗುರುತು ಮೂಡಿಸೋ ನೀಲಿ ಬಣ್ಣ) ಇಲ್ಲಂದ್ರ ಮನ್ಯಾಗಿನ ಲಿಪ್‌ಸ್ಟಿಕ್ ತೆಳ್ಳಗ ಬಳೀರಿ, ಕೇಳಿ ತಗೋರಿ ಮತ್ತ. ಗುರುತು ಹಲ್ಲಿನ ನಡುವಿನಿಂದ ಸಣ್ಣ ತುದಿ ಕಡೆ ತುಸು ವಾಲಿರಬೇಕು. ಭಾರ ಬಿದ್ದಾಗ ಅದು ದಪ್ಪ ತುದಿ ಕಡೆ ಸರೀತೈತಿ.

ಮುಂದ ಎಂದರ ಗೇರ್ ಮಾಡಿಸೂ ಪಾಳಿ ಬಂದ್ರ ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತಿ) ಬರದಿಟ್ಕೋರಿ. 28 ಹಲ್ಲಿನ ಗೇರಿನ ಹೊರ ವ್ಯಾಸ 43.3 ಮಿ.ಮೀ. ಹತ್ತಿರ ಬಂದ್ರ ಮಾಡ್ಯೂಲ್ 1.5, ಆಗ 14 ಹಲ್ಲಿಂದು 23.7 ಬರಬೇಕು. ಒಂದನ್ನ ಮಾಡಿಸಬ್ಯಾಡ್ರಿ, ಜೋಡಿನ ಮಾಡಸ್ರಿ.

ಬೆಟಗೇರಿ ಬುಷ್, ಗದಗ

ಗ್ರೀಸ್ ವಿಷಯದಾಗ ಲೇಥ್ ಪಾಳಿಯವರ ಅಭಿಪ್ರಾಯ ಏನು? ಮೂರನೇ ಒಂದು ಭಾಗ ತುಂಬ್ರಿ ಅಂತ ಎಲ್ಲಾ ಕಡೆ ಹೇಳ್ತಾರ.

ಲೇಥ್ ಪಾಳಿ, ಹುಬ್ಬಳ್ಳಿ

ಅದು ಜೋರ್ ತಿರುಗೋ ಮೋಟಾರಿನ ನಿಯಮ. ಇಲ್ಲಿ ಪೆಡಲ್ ನಿಮಿಷಕ್ಕ 60 ಸುತ್ತು ತಿರುಗಿದ್ರ ಪ್ರೊಪೆಲ್ಲರ್ 420. ಗ್ರೀಸ್ ಕಡದು ಬಿಸಿ ಆಗೋ ಪ್ರಶ್ನೆನ ಇಲ್ಲ. ಕೆಳಗಿನ ಗೇರ್‌ಬಾಕ್ಸ್ ಪೂರ್ತಿ ತುಂಬ್ರಿ, ಗಾಳಿಗೆ ಜಾಗ ಬಿಡಬ್ಯಾಡ್ರಿ.

ಕಾರಣ ಬಿಸಿಲು. ಡ್ರೈವ್ ಕಾರಿನ ಮ್ಯಾಲ ಬಿಸಿಲಾಗ 50 ಡಿಗ್ರಿ ಕಾದಿರತೈತಿ, ಒಳಗಿನ ಗಾಳಿ ಹಿಗ್ಗಿ ಸ್ವಲ್ಪ ಹೊರಗ ಹೋಗಿರತೈತಿ. 27 ಡಿಗ್ರಿ ನೀರಿಗೆ ಇಳಿಸಿದ ಕೂಡಲೇ ಒಳಗಿನ ಒತ್ತಡ 7 ಪ್ರತಿಶತ ಇಳೀತೈತಿ. ಅದು 70 ಸೆಂಟಿಮೀಟರ್ ನೀರಿನ ಒತ್ತಡಕ್ಕ ಸಮ. ಪ್ರೊಪೆಲ್ಲರ್ ಇರೋ ಆಳ ಅರ್ಧ ಮೀಟರಿಗಿಂತ ಕಡಿಮಿ. ಅಂದ್ರ ಸೀಲಿಗೆ ಹೊಳಿಯ ಆಳಕ್ಕಿಂತ ಹುಬ್ಬಳ್ಳಿ ಬಿಸಿಲಿನ ಕಾಟ ಹೆಚ್ಚು. ಒದ್ದಿ ಗೋಣಿಚೀಲ ಹೊದಿಸಿ ತಗೊಂಡು ಹೋಗ್ರಿ, ನೀರಿಗಿಳಿಸೂ ಮೊದಲ ನೆರಳಾಗ ಹತ್ತು ನಿಮಿಷ ಇಡ್ರಿ.

ಗ್ರೀಸ್ ಜಾತಿ: ಕ್ಯಾಲ್ಸಿಯಂ ಸಲ್ಫೊನೇಟ್ ಸಿಕ್ರ ನೀರಿಗೆ ಅದ ಎಲ್ಲಕ್ಕಿಂತ ಛಲೋ. ಇಲ್ಲಂದ್ರ ಲಿಥಿಯಂ ಕಾಂಪ್ಲೆಕ್ಸ್ ಇಪಿ2. ಹಳೇದನ್ನ ಒರಿಸದಂಗ ಅದರ ಮ್ಯಾಲ ಹೊಸದು ಹಾಕಬ್ಯಾಡ್ರಿ, ಬ್ಯಾರೆ ಬ್ಯಾರೆ ಜಾತಿ ಕೂಡಿದ್ರ ತೆಳ್ಳಗಾಗಿ ಸೋರತಾವು.

ಕೆಲಗೇರಿ ಕೆರಿ, ಧಾರವಾಡ

ಜೋಡಿಸಿದ ಮ್ಯಾಲ ಬಕೆಟ್ ಪರೀಕ್ಷೆ ಮಾಡ್ರಿ. ತಣ್ಣಗಿರೋ ಡ್ರೈವನ್ನ 50 ಡಿಗ್ರಿ ಬಿಸಿನೀರಾಗ ಅದ್ದಿದ್ರ ಒಳಗಿನ ಗಾಳಿ ಹಿಗ್ಗಿ, ತೂತಿದ್ದಲ್ಲಿ ಗುಳ್ಳಿ ಬರ್ತಾವ.

ಲೇಥ್ ಪಾಳಿ, ಹುಬ್ಬಳ್ಳಿ

ಗುಳ್ಳಿ ಬಂದ್ರ ಸೋರತೈತಿ ಅನ್ನೂದು ಖರೇ. ಬರಲಿಲ್ಲಂದ್ರ ಸೋರಂಗಿಲ್ಲ ಅನ್ನಾಕ ಬರಂಗಿಲ್ಲ. ಗಾಳಿಯನ್ನ ಒಳಗಿನ ಸೀಲ್ ತಡೀತಿರತೈತಿ, ಹೊರಗಿನ ಸೀಲಿನ ಪರೀಕ್ಷೆ ಆಗಲೇ ಇಲ್ಲ. ಗ್ರೀಸ್ ಪೂರ್ತಿ ತುಂಬಿದ್ರ ಹಿಗ್ಗಾಕ ಗಾಳಿನೂ ಇರಂಗಿಲ್ಲ. ಅದಕ್ಕ ಗುಳ್ಳಿ ಪರೀಕ್ಷೆ ಗ್ರೀಸ್ ತುಂಬೂ ಮೊದಲ ಮಾಡ್ರಿ. ತುಂಬಿದ ಮ್ಯಾಲ ತಣ್ಣೀರಾಗ ಎರಡು ತಾಸು ಮುಳುಗಿಸಿ, ನಡುನಡುವ ಪೆಡಲ್ ತಿರುವಿ, ಸ್ಕ್ರೂ ಬಿಚ್ಚಿ ಗ್ರೀಸಿನ ಬಣ್ಣ ನೋಡ್ರಿ.

ಕೆಲಗೇರಿ ಕೆರಿ, ಧಾರವಾಡ

ಒಪ್ಪಿದೆ, ಅದು ಸರಿ.

ಕೆರಿ ಬೋಟು, ಹುಬ್ಬಳ್ಳಿ

ನಡುವ ಬಾಯಿ ಹಾಕ್ತೀನಿ. ನಂದು ಮೀನಿನ ರೆಕ್ಕಿಯಂಗ ಎರಡು ರೆಕ್ಕಿ ಬೀಸೋ ಜಾತಿ. ಕ್ರ್ಯಾಂಕ್ ಇಲ್ಲ, ಕಾಲಲೆ ತಳ್ಳೋದು. ಒಂದು ಕಡೆ ಕಾಲು ಖಾಲಿ ಹೋಗತೈತಿ. ಇದ ವಿಧಾನ ನಡೀತೈತೇನ್ರಿ?

ಬೆಟಗೇರಿ ಬುಷ್, ಗದಗ

ನಡಿಯಂಗಿಲ್ಲ. ಹೋಬಿ ಕಂಪನಿ 1997ರಾಗ ತಂದ ಮಿರಾಜ್ ಡ್ರೈವಿನ ಜಾತಿ ಅದು. ಒಳಗ ಬೆವೆಲ್ ಗೇರ್ ಇಲ್ಲ, ಚೈನು ಮತ್ತ ಸ್ಟೇನ್‌ಲೆಸ್ ಕೇಬಲ್. ಕಾಲು ಖಾಲಿ ಹೋಗೂದು ಅಂದ್ರ ಕೇಬಲ್ ಸಡ್ಲ ಇಲ್ಲಾ ಚೈನಿನ ತುದಿ ನಟ್ಟು ಸರದೇತಿ. ಎರಡೂ ಕಡೆ ಸಮ ಬಿಗೀರಿ. ಕೇಬಲಿನ ಒಂದ ಒಂದು ಎಳೆ ಮುರಿದಿದ್ರೂ ಕೇಬಲ್ ಬದಲಿಸ್ರಿ, ಉಳಿದ ಎಳೆ ಮ್ಯಾಲ ಭಾರ ಹೆಚ್ಚಾಗಿ ಅವೂ ಹೋಗತಾವು. ಉಳಿದದ್ದಕ್ಕ ಬ್ಯಾರೆ ಚರ್ಚೆ ಸುರು ಮಾಡ್ರಿ, ಇಲ್ಲಿ ಕಲಬೆರಕಿ ಆಗತೈತಿ.

ಹೊಳಿದಂಡಿ, ಹಾವೇರಿ

ಎಲ್ಲಾ ಕೂಡಿಸಿದೆ. ಸೀಲ್ 12-22-7 ಎರಡು, ಬೆನ್ನಿಗೆ ಬೆನ್ನು, 1.5 ಮಿ.ಮೀ. ಸರಿಸಿ ಕೂಡಿಸೀನಿ. ಬೇರಿಂಗ್ 2ಆರ್‌ಎಸ್. ಶಿಮ್ 0.1ರದ್ದು ಒಂದು ಹೆಚ್ಚಿಗಿ ಬೇಕಾತು. ಎರಡು ತಾಸಿನ ಮ್ಯಾಲೂ ಗ್ರೀಸ್ ಬಣ್ಣ ಬದಲಾಗಿಲ್ಲ. ಏಳರ ಸದ್ದು ಹೋತು. ಆದ್ರ ಈಗ ಸುತ್ತಿಗೆ ಒಂದ ಸಲ ಸಣ್ಣ ಟಿಕ್ ಕೇಳತೈತಿ. ಮೊದಲ ದೊಡ್ಡ ಸದ್ದಿನಾಗ ಮುಚ್ಚಿಹೋಗಿತ್ತೇನೋ.

ಇನ್ನೊಂದು, ಶಿಯರ್ ಪಿನ್ 3 ಮಿ.ಮೀ. ಡೊಂಕಾಗೇತಿ. ಸೈಕಲ್ ಕಡ್ಡಿ ತುಂಡು ಹಾಕಬಹುದೇನು? ಹಳೇ ಡ್ರಿಲ್ ಬಿಟ್ಟಿನ ತುಂಡೂ 3 ಮಿ.ಮೀ. ಐತಿ.

ಲೇಥ್ ಪಾಳಿ, ಹುಬ್ಬಳ್ಳಿ

ಒಂದ ಸಲ ಅಂದ್ರ ಮ್ಯಾಲ. ಪೆಡಲ್ ಮೊದಲು: ಎಡಗಡೆ ಪೆಡಲಿಗೆ ಎಡ ಮರಿ (ಉಲ್ಟಾ ಥ್ರೆಡ್), ಬಿಗಿಯೂದು ಗಡಿಯಾರದ ವಿರುದ್ಧ. ಬಿಚ್ಚಿ, ಮರಿಗೆ ಗ್ರೀಸ್ ಹಚ್ಚಿ, 35 ನ್ಯೂಟನ್ ಮೀಟರ್ ಬಿಗೀರಿ. ಆಮ್ಯಾಲ ಚೌಕ ಶಾಫ್ಟಿನ ಕ್ರ್ಯಾಂಕ್ ಬೋಲ್ಟು, 35ರಿಂದ 45. ಬಿಗಿ ಅಳಿಯೋ ಟಾರ್ಕ್ ಪಾನಾ ಇಲ್ಲಂದ್ರ 25 ಸೆಂ.ಮೀ. ಹಿಡಿಕಿ ತುದಿಗೆ 15 ಕೆ.ಜಿ. ತೂಕದಷ್ಟು ಜಗ್ಗ್ರಿ, 37ರ ಹತ್ತಿರ ಬರತೈತಿ. ಕ್ರ್ಯಾಂಕಿನ ಚೌಕ ತೂತು ಒಮ್ಮೆ ದುಂಡಗಾಗಿದ್ರ ಎಷ್ಟು ಬಿಗದ್ರೂ ಮತ್ತ ಸಡ್ಲಾಗತೈತಿ, ಕ್ರ್ಯಾಂಕ್ ಬದಲಿಸೂದ ದಾರಿ.

ಪಿನ್: ಎರಡೂ ಬ್ಯಾಡ. ಸೈಕಲ್ ಕಡ್ಡಿ ಸಾಮಾನ್ಯ 2 ಮಿ.ಮೀ., 3ರ ತೂತಿನಾಗ ಕುಣದು ತೂತನ್ನ ಮೊಟ್ಟೆ ಆಕಾರ ಮಾಡತೈತಿ. ಡ್ರಿಲ್ ಬಿಟ್ ಕಡಿಯಂಗಿಲ್ಲ. ಕಲ್ಲಿಗೆ ಪ್ರೊಪೆಲ್ಲರ್ ಬಡದಾಗ ಏನರ ಒಂದು ಕಡೀಲೇಬೇಕು, ಪಿನ್ ಕಡೀಲಿಲ್ಲಂದ್ರ 14 ಹಲ್ಲಿನ ಗೇರ್ ಕಡೀತೈತಿ. 3 ಮಿ.ಮೀ. ಹಿತ್ತಾಳಿ ಸರಳು ತಂದು, ಹಳೇ ಪಿನ್ನಿನ ಉದ್ದಕ್ಕ ಹತ್ತು ತುಂಡು ಕತ್ತರಿಸಿ, ತುದಿ ಅರಾ ಹಾಕಿ ನಯ ಮಾಡ್ರಿ. ಎರಡು ತುಂಡು ಮತ್ತ ಒಂದು ಇಕ್ಕಳ ಲೈಫ್ ಜಾಕೆಟಿನ ಕಿಸೆದಾಗ ಇರಲಿ.

ಹೊಳಿದಂಡಿ, ಹಾವೇರಿ

ಎಡಗಡೆ ಕ್ರ್ಯಾಂಕ್ ಬೋಲ್ಟು ಕೈಲೆ ತಿರಗತಿತ್ತು. ಬಿಗದೆ, ಟಿಕ್ ನಿಂತು. ಚೌಕ ತೂತು ಚೌಕಾನ ಐತಿ.

ಕೆಲಗೇರಿ ಕೆರಿ, ಧಾರವಾಡ

ಎರಡು ಸಲ ನೀರಿಗಿಳಿಸಿದ ಮ್ಯಾಲ ಅದ ಬೋಲ್ಟನ್ನ ಇನ್ನೊಮ್ಮೆ ನೋಡ್ರಿ, ಕೂತ ಮ್ಯಾಲ ಒಂದು ಸಲ ಸಡ್ಲಾಗೇ ಆಗ್ತದ.